ದುರಸ್ತಿಯೋ, ಹೊಸದೋ: ಸುಂಟಿಕೊಪ್ಪದ ತೋಟದ ಮನೆಯ ಗೇಮಿಂಗ್ ಕಂಪ್ಯೂಟರ್

ಕೊಡಗಿನ ಸುಂಟಿಕೊಪ್ಪದ ಸಮೀಪ ಕಾಫಿ ತೋಟದೊಳಗಿರುವ ಅಕ್ಕನ ಮನೆಯ ಗೇಮಿಂಗ್ ಕಂಪ್ಯೂಟರನ್ನು 2015ರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಜೋಡಿಸಿ ತರಲಾಗಿತ್ತು. ಅದರಲ್ಲಿರುವುದು ಇಂಟೆಲ್ ಕೋರ್ ಐ5-4460 ಪ್ರೊಸೆಸರ್, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 2 ಜಿಬಿಯ ಜಿಟಿಎಕ್ಸ್ 960 ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ಮೈಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದುಕೊಂಡಿರುವ ಎಸ್‌ಎಂಪಿಎಸ್, ಅಂದರೆ ಪ್ಲಗ್ಗಿನ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿ ಕೊಡುವ ಪೆಟ್ಟಿಗೆ. ಆಟದ ನಡುವೆ, ಅದರಲ್ಲೂ ಸಂಜೆಯ ಹೊತ್ತು, ಯಾವ ಮುನ್ಸೂಚನೆಯೂ ಇಲ್ಲದೆ ಯಂತ್ರ ಆಫ್ ಆಗಿ ತಾನಾಗಿಯೇ ಮತ್ತೆ ಆನ್ ಆಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಬೆಳಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತೇ ಹೊರತು ಪರದೆಯಲ್ಲಿ ಏನೂ ಮೂಡುತ್ತಿರಲಿಲ್ಲ. ದಿನಾಂಕ ಆಗಾಗ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತಿತ್ತು. ಇಷ್ಟೂ ಸರಿಯಿದ್ದ ದಿನ ಆಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದಿತ್ತು.

“ಮಾವ, ಇದಕ್ಕೆ ದುಡ್ಡು ಹಾಕೋದು ದಂಡ, ಹೊಸದೇ ತಗೊಳ್ಳೋಣ” ಎಂಬುದು ಅಕ್ಕನ ಮಗನಾದ ನನ್ನ ಅಳಿಯನ ವಾದ. ಕಾಳುಮೆಣಸು ಕುಯ್ದು ಮಾರುವ ತನಕ ದೊಡ್ಡ ಖರ್ಚು ಯಾವುದೂ ಬೇಡ, ಇದನ್ನೇ ಸರಿಮಾಡಿ ಕೊಡು ಎಂಬುದು ಭಾವನ ನಿಲುವು. ನನಗೆ ಎರಡೂ ಅವಸರದ ಮಾತಾಗಿ ಕಂಡವು. ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬುದು ತಿಳಿಯದಿದ್ದರೆ ದುರಸ್ತಿಯೂ ಊಹೆಯ ಕೆಲಸವಾಗುತ್ತದೆ, ಹೊಸ ಖರೀದಿಯೂ ಊಹೆಯ ಕೆಲಸವಾಗುತ್ತದೆ. ಕಾರಣ ಕ್ಯಾಬಿನೆಟ್ಟಿನ ಹೊರಗಿದ್ದರಂತೂ ಹೊಸ ಯಂತ್ರವೂ ಅದೇ ಪ್ಲಗ್ಗಿಗೆ ಬಂದು ಅದೇ ಪಾಡು ಪಡುತ್ತದೆ.

ಕೆಲಸ ಆರಂಭಿಸಿದ್ದು ಹಾರ್ಡ್ ಡಿಸ್ಕಿನಿಂದ, ಏಕೆಂದರೆ ಆಟಗಳ ಜೊತೆಗೆ ತೋಟದ ಲೆಕ್ಕಪತ್ರ ಮತ್ತು ಮನೆಯ ಮದುವೆಗಳ ಫೋಟೋಗಳೂ ಅದರಲ್ಲೇ ಇದ್ದವು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ತೆರೆದು ನೋಡಿದಾಗ ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎರಡರ ಎದುರೂ ಸೊನ್ನೆಯಲ್ಲದ ಅಂಕಿಗಳಿದ್ದವು. ಮೊದಲನೆಯದು ಡಿಸ್ಕ್ ತಾನೇ ಕೈಬಿಟ್ಟು ಬದಲಿ ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರ್‌ಗಳ ಲೆಕ್ಕ. ಎರಡನೆಯದು ಓದಲು ತಡವರಿಸುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳ ಲೆಕ್ಕ, ಮತ್ತು ಹೆಚ್ಚು ಹೆದರಬೇಕಾದದ್ದು ಇದಕ್ಕೇ. ಕೇಬಲ್ ದೋಷವಿದ್ದರೆ ಏರುವ ‘ಸಿಆರ್‌ಸಿ ಎರರ್’ ಅಂಕಿ ಮಾತ್ರ ಸೊನ್ನೆಯಲ್ಲೇ ಇದ್ದುದರಿಂದ ಡಿಸ್ಕೇ ಸವೆದಿದೆ ಎಂಬುದು ಖಚಿತವಾಯಿತು. ಬೇಕಾದ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆಯೇ ಮುಂದಿನ ಪರೀಕ್ಷೆಗೆ ಕೈಹಾಕಿದೆ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಒತ್ತಡದ ಪರೀಕ್ಷೆಗೆ ಒಡ್ಡುವ ಮುನ್ನ ಈ ಕ್ರಮ ಕಡ್ಡಾಯ.

ಯಂತ್ರ ತಾನಾಗಿ ಆಫ್ ಆಗುವುದರ ಬಗ್ಗೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನೆಲ್-ಪವರ್ 41’ ಎಂಬ ದಾಖಲೆ ಸಾಲುಸಾಲಾಗಿತ್ತು. ಇದನ್ನು ಕಂಡೊಡನೆ ಎಸ್‌ಎಂಪಿಎಸ್ ಹೋಗಿದೆ ಎಂದು ತೀರ್ಪು ಕೊಡುವವರಿದ್ದಾರೆ. ನಿಜವಾಗಿ ಅದು ಹೇಳುವುದು ಹಿಂದಿನ ಸಲ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂಬುದನ್ನು ಮಾತ್ರ. ಉಪಯೋಗಕ್ಕೆ ಬಂದದ್ದು ಅದರ ವಿವರದೊಳಗಿನ ‘ಬಗ್‌ಚೆಕ್ ಕೋಡ್’ ಎಲ್ಲ ಕಡೆಯೂ ಸೊನ್ನೆಯಾಗಿದ್ದುದು. ನೀಲಿ ಪರದೆ ಬಂದು ಬಿದ್ದಿದ್ದರೆ ಅಲ್ಲೊಂದು ಸಂಖ್ಯೆ ಉಳಿಯಬೇಕಿತ್ತು. ಆದ್ದರಿಂದ ಸಂಶಯ ಡ್ರೈವರ್ ಮತ್ತು ರ‍್ಯಾಮ್‌ಗಳಿಂದ ಸರಿದು ವಿದ್ಯುತ್ತು ಮತ್ತು ಶಾಖದ ಕಡೆಗೆ ತಿರುಗಿತು. ದಾಖಲೆಗಳ ಹೊತ್ತನ್ನು ನೋಡಿದರೆ ಹೆಚ್ಚಿನವು ಸಂಜೆ ಆರೂವರೆಯ ನಂತರದವು.

ಇದು ಫೆಬ್ರವರಿ ಮತ್ತು ಮಾರ್ಚ್‌ನ ಮಾತು. ರೊಬಸ್ಟಾ ಗಿಡಗಳಿಗೆ ಹೂವರಳಿಸಲು ಸ್ಪ್ರಿಂಕ್ಲರ್ ಹಾಕುವ ಕಾಲವಾದ್ದರಿಂದ ಸುತ್ತಲಿನ ತೋಟಗಳ ಪಂಪುಗಳು ಏಕಕಾಲಕ್ಕೆ ಓಡುತ್ತವೆ, ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ದೀಪ ಮಂಕಾಗುತ್ತದೆ. ಪ್ಲಗ್ಗಿಗೆ ಮಲ್ಟಿಮೀಟರ್ ಇಟ್ಟು ನೋಡಿದಾಗ ಬೆಳಗ್ಗೆ 228 ವೋಲ್ಟ್ ಇದ್ದುದು ಸಂಜೆ 178ಕ್ಕೆ ಇಳಿದಿತ್ತು. ಎಸ್‌ಎಂಪಿಎಸ್‌ನ ಲೇಬಲ್ ಮೇಲೆ ಅದು ಸಹಿಸುವ ಮಿತಿ 200ರಿಂದ 240 ವೋಲ್ಟ್ ಎಂದಿದೆ. ಫ್ರಿಜ್ಜಿಗೆ ಸ್ಟೆಬಿಲೈಸರ್ ಇದೆ, ಕಂಪ್ಯೂಟರಿಗೆ ಇಲ್ಲ.

ಕಡಿಮೆ ವೋಲ್ಟೇಜು ಹಳೆಯ ಮಾದರಿಯ ಎಸ್‌ಎಂಪಿಎಸ್‌ಗೆ ಏಕೆ ಮಾರಕ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಳಬಂದ ಎಸಿ ವಿದ್ಯುತ್ತನ್ನು ಅದು ಡಿಸಿಗೆ ಪರಿವರ್ತಿಸಿ ದೊಡ್ಡ ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಲೈನಿನಲ್ಲಿ ಕ್ಷಣಮಾತ್ರದ ಕಡಿತ ಬಂದರೆ ಆ ಸಂಗ್ರಹವೇ ಯಂತ್ರವನ್ನು ನಡೆಸಬೇಕು. ಕೂಡಿಟ್ಟ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 228 ವೋಲ್ಟ್ 178ಕ್ಕೆ ಇಳಿದಾಗ ಸಂಗ್ರಹ ಸುಮಾರು ಶೇ 60ಕ್ಕೆ ಕುಸಿಯುತ್ತದೆ. ಹತ್ತು ವರ್ಷದಲ್ಲಿ ಕೆಪಾಸಿಟರ್ ಒಣಗಿ ಅದರ ಸಾಮರ್ಥ್ಯವೇ ಕುಗ್ಗಿರುವುದು ಇದರ ಮೇಲಿನ ಹೊರೆ. ಆಕ್ಟಿವ್ ಪಿಎಫ್‌ಸಿ (ಒಳಬರುವ ವಿದ್ಯುತ್ತನ್ನು ಹದಗೊಳಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ನಲ್ಲಿ ಒಳಬರುವ ವೋಲ್ಟೇಜು ಏರಲಿ, ಇಳಿಯಲಿ, ಕೆಪಾಸಿಟರ್ ಸುಮಾರು 380 ವೋಲ್ಟಿನ ಆಸುಪಾಸಿನಲ್ಲೇ ತುಂಬಿರುತ್ತದೆ. ಆದರೆ ಪಿಎಫ್‌ಸಿ ಇದ್ದರೂ 200ರಿಂದ 240 ವೋಲ್ಟಿಗಷ್ಟೇ ತಯಾರಿಸಿದ ಮಾದರಿಗಳು ನಮ್ಮ ಮಾರುಕಟ್ಟೆಯಲ್ಲಿವೆ. ಕೊಡಗಿನ ತೋಟದ ಮನೆಗಳಿಗೆ ಕೊಳ್ಳುವವರು ‘100–240’ ಎಂದು ಲೇಬಲ್ಲಿನಲ್ಲಿ ಓದಿಯೇ ಕೊಳ್ಳಬೇಕು. ದಕ್ಷತೆಯ ಚಿನ್ನ, ಬೆಳ್ಳಿ, ಕಂಚಿನ ಮುದ್ರೆಗಿಂತ ನಮಗೆ ಈ ಸಾಲು ಮುಖ್ಯ.

ಅಕ್ಕ ಹೇಳಿದ ಇನ್ನೊಂದು ವಿಷಯವನ್ನು ಮನೆಮಂದಿ ದೋಷವೆಂದೇ ಎಣಿಸಿರಲಿಲ್ಲ: ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಲೋಹದ ಮೈಗೆ ಎರಡು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ವಿದ್ಯುತ್ ಗದ್ದಲವನ್ನು ಅರ್ಥಿಂಗ್‌ಗೆ ಇಳಿಸುವುದು ಅವುಗಳ ಕೆಲಸ. ಅರ್ಥಿಂಗ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಜುಮ್ಮೆನ್ನುವುದಷ್ಟೇ. ಸಿಡಿಲಿನ ದಿನಗಳಲ್ಲಿ ಸರ್ಜ್ ಪ್ರೊಟೆಕ್ಟರ್ ತನ್ನ ಹೊರೆಯನ್ನು ಇಳಿಸಬೇಕಾದ್ದು ಇದೇ ಅರ್ಥಿಂಗ್‌ಗೆ ಎಂಬುದು ನೆನಪಿರಬೇಕು. ಅದಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರಿನ ರಕ್ಷಣೆ ಬಹಳಷ್ಟು ಕುಗ್ಗುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದಾಗ ಹದಿನಾಲ್ಕು ವೋಲ್ಟಿಗೂ ಹೆಚ್ಚು ತೋರಿತು. ವೈರಿಂಗ್ ಬಲ್ಲವರನ್ನು ಕರೆಸಿ ಅರ್ಥಿಂಗ್ ಗುಂಡಿಯನ್ನು ಅಗೆಸಿ, ತುಕ್ಕು ಹಿಡಿದ ಜೋಡಣೆಯನ್ನು ಬದಲಿಸಿ, ಉಪ್ಪು ಇದ್ದಿಲು ತುಂಬಿಸಿ ನೀರು ಹಾಕಿಸಿದ ಮೇಲೆ ಅದು ಎರಡು ವೋಲ್ಟಿನ ಆಸುಪಾಸಿಗೆ ಇಳಿಯಿತು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಬೀಳಬೇಕು. ಇಡೀ ದುರಸ್ತಿಯಲ್ಲಿ ಅತಿ ಮುಖ್ಯವಾದ ಕೆಲಸ ಇದೇ ಎಂದು ನನ್ನ ಎಣಿಕೆ, ಮತ್ತು ಇದು ಕಂಪ್ಯೂಟರಿನ ಕೆಲಸವೇ ಅಲ್ಲ.

ಆಮೇಲೆ ಕ್ಯಾಬಿನೆಟ್ ಬಿಚ್ಚಿದೆ. ನೆಲದ ಮೇಲೆ, ಹೊರಗೋಡೆಗೆ ಒತ್ತಿ ಇಟ್ಟಿದ್ದರಿಂದ ಕೆಳಗಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು. ಎಸ್‌ಎಂಪಿಎಸ್‌ನ ಗಾಳಿಕಂಡಿಯಲ್ಲಿ ಹಲ್ಲಿಯ ಮೊಟ್ಟೆಯ ಚಿಪ್ಪು, ಮುಂಭಾಗದ ಜಾಲರಿಯಲ್ಲಿ ಕಾಫಿ ಒಣಗಿಸುವ ಕಣದಿಂದ ಬಂದು ಕೂತ ಧೂಳು, ಅದರ ಮೇಲೆ ಬೂಷ್ಟು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ತಡೆದಿರಬೇಕು. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಮಳೆಗಾಲದ ಬೆಳಗಿನಲ್ಲಿ ಪರದೆ ಮೂಡದಿರುವುದಕ್ಕೆ ಕಾರಣ ರ‍್ಯಾಮ್‌ನ ಚಿನ್ನದ ಬಣ್ಣದ ಅಂಚಿನಲ್ಲೇ ಕಾಣುತ್ತಿತ್ತು. ಲೇಪ ತೆಳುವಾದ ಕಡೆ ತೇವಕ್ಕೆ ಕಪ್ಪು ಕಲೆ ಎದ್ದಿತ್ತು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಗಾಳಿಯೇ ಒದ್ದೆಯಾಗಿರುವಾಗ ರಾತ್ರಿಯೆಲ್ಲ ತಣ್ಣಗಾದ ಲೋಹದ ಮೇಲೆ ತೇವ ಕೂರುತ್ತದೆ, ಮತ್ತು ಮಧ್ಯಾಹ್ನದ ಹೊತ್ತಿಗೆ ಅದೇ ಯಂತ್ರ ಸರಿಯಾಗಿ ಆನ್ ಆಗುತ್ತದೆ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಯಿದೆ. ಹಗುರವಾಗಿ ಒಮ್ಮೆ ಉಜ್ಜುವುದು ತಪ್ಪಲ್ಲ, ಆದರೆ ಪ್ರತಿ ಮಳೆಗಾಲವೂ ಉಜ್ಜಿದರೆ ಲೇಪವೇ ಸವೆದು ತೊಂದರೆ ಹೆಚ್ಚುತ್ತದೆ. ನಾನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಅಂಚನ್ನೂ, ಮೆತ್ತನೆಯ ಬ್ರಷ್ಷಿನಿಂದ ಸ್ಲಾಟನ್ನೂ ಒರೆಸಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದೆ. ದೋಷ ಒಂದೂ ಬರಲಿಲ್ಲ. ದಿನಾಂಕ ಜಾರುವುದಕ್ಕೆ ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ಕಾರಣ; 3 ವೋಲ್ಟ್ ಇರಬೇಕಾದ್ದು 2.4ಕ್ಕೆ ಇಳಿದಿತ್ತು. ವಾಚಿನ ಅಂಗಡಿಯಲ್ಲೂ ಸಿಗುತ್ತದೆ.

ಪ್ರೊಸೆಸರಿನ ಶಾಖ ಆಟದಲ್ಲಿ 95 ಡಿಗ್ರಿ ದಾಟುತ್ತಿತ್ತು. ಈ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಂಟೆಲ್ ಜೊತೆಗೆ ಕೊಡುವ ಕೂಲರನ್ನು ಬೋರ್ಡಿಗೆ ಕಚ್ಚಿಸುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಮೇಲೆದ್ದಿತ್ತು, ಥರ್ಮಲ್ ಪೇಸ್ಟ್ ಸುಣ್ಣದಂತೆ ಒಣಗಿತ್ತು. ಹೊಸ ಪೇಸ್ಟ್ ಹಚ್ಚಿ, ಪಿನ್ನುಗಳನ್ನು ಎದುರುಬದುರಾಗಿ ಒತ್ತಿ ಕೂರಿಸಿದ ಮೇಲೆ ಅದೇ ಆಟದಲ್ಲಿ 70 ಡಿಗ್ರಿ ದಾಟಲಿಲ್ಲ. ಆದರೂ ಸಂಜೆಯ ಹೊತ್ತು ಯಂತ್ರ ಆಫ್ ಆಗುವುದು ನಿಲ್ಲಲಿಲ್ಲವಾದ್ದರಿಂದ ಎಸ್‌ಎಂಪಿಎಸ್‌ನ ಸರದಿ ಬಂತು.

450 ವ್ಯಾಟ್ ಎಂಬ ದೊಡ್ಡ ಅಕ್ಷರದ ಕೆಳಗೆ ಸಣ್ಣ ಕೋಷ್ಟಕವೊಂದಿದೆ, ಓದಬೇಕಾದ್ದು ಅದನ್ನು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದ, ಮತ್ತು ಆ ಸಾಲಿಗೆ ಇಲ್ಲಿ ಬರೆದಿರುವುದು 18 ಆಂಪಿಯರ್, ಅಂದರೆ 216 ವ್ಯಾಟ್. ಪ್ರೊಸೆಸರಿನದು 84 ವ್ಯಾಟ್, ಜಿಟಿಎಕ್ಸ್ 960ರದು 120 ವ್ಯಾಟ್. ಡಿಸ್ಕ್, ಫ್ಯಾನು, ಬೋರ್ಡುಗಳನ್ನು ಸೇರಿಸಿದರೆ ಮಿತಿಯ ಮೇಲಕ್ಕೇ ಹೋಗುತ್ತದೆ. ಉಳಿದ ವ್ಯಾಟುಗಳೆಲ್ಲ ಇಂದಿನ ಯಂತ್ರಗಳು ಹೆಚ್ಚಾಗಿ ಬಳಸದ 5 ಮತ್ತು 3.3 ವೋಲ್ಟಿನ ಸಾಲುಗಳ ಲೆಕ್ಕದಲ್ಲಿವೆ. ಹೊಸದಿದ್ದಾಗಲೇ ಇದು ಅಂಚಿನಲ್ಲಿ ಓಡುತ್ತಿತ್ತು ಎಂದಾಯಿತು. ಡಿಸ್ಕಿಗೆ ಹೋಗುವ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆದಾಗ, ಸುಮ್ಮನಿದ್ದಾಗ 11.9 ವೋಲ್ಟ್ ಇದ್ದುದು ಆಟದಲ್ಲಿ 11.3ಕ್ಕೆ ಇಳಿಯಿತು. ಎಟಿಎಕ್ಸ್ ನಿಯಮದಂತೆ ಶೇ 5ರ ಏರಿಳಿತಕ್ಕೆ ಮಾತ್ರ ಅವಕಾಶ, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನಾದ್ದರಿಂದ ನಡುನಡುವಿನ ನಿಜವಾದ ಕುಸಿತ ಇನ್ನೂ ಆಳವಾಗಿರುತ್ತದೆ. ನನ್ನ ಮನೆಯ ಯಂತ್ರದ ಎಸ್‌ಎಂಪಿಎಸ್ ತಂದು ತಾತ್ಕಾಲಿಕವಾಗಿ ಜೋಡಿಸಿದಾಗ ಅದೇ ಮಂಕು ಸಂಜೆಯಲ್ಲಿ ಆಟ ಅಡೆತಡೆಯಿಲ್ಲದೆ ನಡೆಯಿತು. ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ಬದಲಿಸುವ ಯೋಚನೆ ಯಾರಿಗಾದರೂ ಬಂದರೆ ಬಿಟ್ಟುಬಿಡುವುದು ಒಳ್ಳೆಯದು. ಪ್ಲಗ್ ಕಿತ್ತ ನಂತರವೂ ಒಳಗೆ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ರೋಗ ತಿಳಿದ ಮೇಲೆ ತೀರ್ಮಾನದ ಮಾತು. ನಾನು ಇಟ್ಟುಕೊಂಡ ನಿಯಮ ಒಂದೇ: ಮುಂದಿನ ಯಂತ್ರಕ್ಕೂ ದಾಟಿಸಬಹುದಾದ ಭಾಗಕ್ಕೆ ಮಾತ್ರ ಹೊಸ ಹಣ. ಎಸ್‌ಎಂಪಿಎಸ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಬಳಸುವ, ಚಿಪ್ಪುಗಳಿಂದಾದ ವೇಗದ ಡಿಸ್ಕ್), ಯುಪಿಎಸ್ ದಾಟುತ್ತವೆ. ಪ್ರೊಸೆಸರ್, ಡಿಡಿಆರ್3 ರ‍್ಯಾಮ್, ಎಚ್81 ಬೋರ್ಡ್ ದಾಟುವುದಿಲ್ಲ. ಇದೇ ಸಾಕೆಟ್ಟಿಗೆ ಕೂರುವ ಹಳೆಯ ಐ7-4790 ಹಾಕಿದರೆ ನಾಲ್ಕು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು) ಎಂಟಾಗುತ್ತದೆ ಎಂದು ಅಳಿಯ ಕಂಡುಕೊಂಡಿದ್ದ. ಅದು ನಿಜವೇ, ಆಟ ತಡವರಿಸುವುದು ಕಡಿಮೆಯೂ ಆಗಬಹುದು. ಆದರೆ ಆ ಪ್ರೊಸೆಸರಿಗೂ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಜಾಗವಿಲ್ಲ. ಇಂಟೆಲ್‌ನಲ್ಲಿ ಆ ಪಟ್ಟಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಶುರುವಾಗುತ್ತದೆ, ಇದು ನಾಲ್ಕನೆಯದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೂಡ ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮನೆಬಳಕೆದಾರರಿಗೆ ನೋಂದಣಿಯ ಮೇಲೆ ಒಂದು ವರ್ಷದ ಭದ್ರತಾ ವಿಸ್ತರಣೆ ಮಾತ್ರ ಇದೆ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದು ಎನ್ನುವವರಿಗೆ ಒಂದು ಮಾತು: ಅಳಿಯ ಹೆಚ್ಚಾಗಿ ಆಡುವ ವ್ಯಾಲರಂಟ್, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಬಿಡುವ ವ್ಯವಸ್ಥೆ) ಇಲ್ಲದೆ ತೆರೆಯುವುದಿಲ್ಲ, ಲಿನಕ್ಸ್‌ನಲ್ಲಿ ನಡೆಯುವುದೂ ಇಲ್ಲ.

ಗ್ರಾಫಿಕ್ಸ್ ಕಾರ್ಡಿನದು ಎರಡೂ ಕಡೆಯ ಪ್ರಶ್ನೆ, ಏಕೆಂದರೆ ಅದು ಮುಂದಿನ ಯಂತ್ರಕ್ಕೆ ದಾಟಬಲ್ಲದು. ಆದರೆ ಹಳೆಯ ಬೋರ್ಡಿನ ಮೇಲೆ ಎಲ್ಲ ಕಾರ್ಡುಗಳೂ ಒಂದೇ ರೀತಿ ನಡೆಯುವುದಿಲ್ಲ. ಎಚ್81 ಬೋರ್ಡಿನ ಉದ್ದನೆಯ ಸ್ಲಾಟ್ ಪಿಸಿಐಇ 2.0 ಮಾತ್ರ; ಪಿಸಿಐಇ ಎಂದರೆ ಕಾರ್ಡು ಮತ್ತು ಬೋರ್ಡಿನ ನಡುವೆ ಮಾಹಿತಿ ಸಾಗುವ ದಾರಿ, ಲೇನುಗಳು ಅದರ ಪಥಗಳು. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಅಗ್ಗದ ಕಾರ್ಡುಗಳಿಗೆ ಹದಿನಾರರ ಬದಲು ನಾಲ್ಕೇ ಲೇನುಗಳಿವೆ. ಪಿಸಿಐಇ 4.0 ಸ್ಲಾಟಿನಲ್ಲಿ ಅವುಗಳಿಂದ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯಬಲ್ಲದು, ಈ ಬೋರ್ಡಿನಲ್ಲಿ ಅದು 2 ಜಿಬಿ. ಕಾರ್ಡಿನ 4 ಜಿಬಿ ತುಂಬಿ ಮುಖ್ಯ ರ‍್ಯಾಮಿಗೆ ಕೈಚಾಚಬೇಕಾದಾಗ ಆಟ ಅಲ್ಲೇ ತೊದಲುತ್ತದೆ. ಇಂಥ ಬೋರ್ಡಿಗೆ ಹದಿನಾರು ಲೇನಿನ ಜಿಟಿಎಕ್ಸ್ 1650 ಅಥವಾ 1660 ಸೂಪರ್ ವಾಸಿ. ಸೆಕೆಂಡ್ ಹ್ಯಾಂಡಿನಲ್ಲಿ ಹೇರಳವಾಗಿ ಸಿಗುವ ಜಿಟಿಎಕ್ಸ್ 1060 ಅನ್ನು ಮಾತ್ರ ನಾನು ಬೇಡವೆಂದೆ. ಎನ್‌ವಿಡಿಯಾ ಸಂಸ್ಥೆ ಮ್ಯಾಕ್ಸ್‌ವೆಲ್ ಮತ್ತು (1060 ಸೇರಿರುವ) ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. 2028ರ ಅಕ್ಟೋಬರ್ ತನಕ ಬರುವುದು ಭದ್ರತೆಯ ಪರಿಷ್ಕರಣೆ ಮಾತ್ರ. ಈಗಿರುವ 960 ಕೂಡ ಈ ಗುಂಪಿನದೇ. ವ್ಯಾಲರಂಟ್ ಮತ್ತು ಹಳೆಯ ಆಟಗಳನ್ನು ಅದು ಇನ್ನೂ ತೃಪ್ತಿಕರವಾಗಿ ನಡೆಸುತ್ತಿರುವುದರಿಂದ ಅದಕ್ಕೆ ಕೈಹಾಕಲಿಲ್ಲ.

ಅಳಿಯನ ಆಸೆಯ ಪಟ್ಟಿಯಲ್ಲಿ ಡೂಮ್: ದಿ ಡಾರ್ಕ್ ಏಜಸ್ ಇತ್ತು. ಅದಕ್ಕೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ವಿಧಾನ) ಯಂತ್ರಾಂಶವಿರುವ ಕಾರ್ಡೇ ಬೇಕು, ಮತ್ತು ಅಂಥ ಕಾರ್ಡಿಗೆ ತಕ್ಕ ಪ್ರೊಸೆಸರೂ ಬೇಕು. ಅಂದರೆ ಆ ಆಟಕ್ಕಾಗಿ ಈ ಯಂತ್ರವನ್ನು ತುಂಡುತುಂಡಾಗಿ ಮೇಲ್ದರ್ಜೆಗೆ ಏರಿಸಲು ಹೊರಟರೆ ಕೊನೆಗೆ ಹಳೆಯದಾಗಿ ಉಳಿಯುವುದು ಕ್ಯಾಬಿನೆಟ್ ಒಂದೇ. ಇಡಿಯಾಗಿ ಹೊಸದು ಕೊಳ್ಳುವುದಾದರೆ ನನ್ನ ಒಲವು ಎಎಂಡಿಯ ಎಎಂ5 ಸಾಕೆಟ್ಟಿನ ಕಡೆಗೆ. 2027 ಮತ್ತು ಅದರಾಚೆಗೂ ಅದನ್ನು ಮುಂದುವರಿಸುವುದಾಗಿ ಕಂಪನಿ ಹೇಳಿರುವುದರಿಂದ ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಬದಲಿಸುವ ದಾರಿ ತೆರೆದಿರುತ್ತದೆ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಬೇಕು. ತಯಾರಕರು ಎಐ ಡೇಟಾ ಸೆಂಟರ್‌ಗಳ ಬೇಡಿಕೆಯ ಕಡೆ ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಹಾರಿ ಕುಳಿತಿದೆ. ಭಾವನ ಮಿತವ್ಯಯಕ್ಕೆ ಮಾರುಕಟ್ಟೆಯೇ ಸಾಕ್ಷಿ ನುಡಿದಂತಾಯಿತು.

ಹೀಗಾಗಿ ತಂದದ್ದು ಇಷ್ಟು: 100–240 ವೋಲ್ಟಿನ, 12 ವೋಲ್ಟ್ ಸಾಲಿನಲ್ಲೇ 540 ವ್ಯಾಟ್ ಕೊಡುವ 550 ವ್ಯಾಟಿನ ಎಸ್‌ಎಂಪಿಎಸ್, 500 ಜಿಬಿಯ ಸಾಟಾ ಎಸ್‌ಎಸ್‌ಡಿ, 1000 ವಿಎ ಯುಪಿಎಸ್. ಹೊಸ ಎಸ್‌ಎಂಪಿಎಸ್‌ನ ಎಂಟು ಪಿನ್ನಿನ ಪ್ರೊಸೆಸರ್ ಕನೆಕ್ಟರ್ ನಾಲ್ಕು ಮತ್ತು ನಾಲ್ಕಾಗಿ ಬೇರ್ಪಡುವುದರಿಂದ ಹಳೆಯ ಬೋರ್ಡಿನ ನಾಲ್ಕು ಪಿನ್ನಿಗೂ ಹೊಂದಿತು. ಎಸ್‌ಎಸ್‌ಡಿಯನ್ನು ಬೋರ್ಡಿನ 6 ಜಿಬಿಪಿಎಸ್ ವೇಗದ ಪೋರ್ಟಿಗೇ ಹಾಕಬೇಕು. ಎಚ್81ರಲ್ಲಿ ಅಂಥವು ಎರಡೇ ಇರುತ್ತವೆ, ಉಳಿದೆರಡು 3 ಜಿಬಿಪಿಎಸ್‌ನವು. ದೋಷವಿರುವ ಡಿಸ್ಕಿನಿಂದ ಕ್ಲೋನ್ ಮಾಡಿದರೆ ಕೆಟ್ಟ ಕಡತಗಳೂ ಜೊತೆಗೆ ಬರುವುದರಿಂದ ವಿಂಡೋಸನ್ನು ಹೊಸದಾಗಿಯೇ ಹಾಕಿದೆ. ಪರವಾನಗಿ ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಾದರೂ ಆಕ್ಟಿವೇಷನ್ ತಾನಾಗಿ ಬಂತು. ಈಗ ಆಟದ ಪೂರ್ಣ ಹೊರೆಯಲ್ಲಿ 12 ವೋಲ್ಟಿನ ಸಾಲು 12.0ರಿಂದ ಕದಲುವುದಿಲ್ಲ. ಆಟ ತೆರೆಯುವ ವೇಗವನ್ನು ಕಂಡ ಅಳಿಯ ಹೊಸ ಯಂತ್ರದ ಮಾತನ್ನು ಸದ್ಯಕ್ಕೆ ಎತ್ತಿಲ್ಲ.

ಮಳೆಗಾಲಕ್ಕೆ ಕ್ಯಾಬಿನೆಟ್ ಗೋಡೆಯಿಂದ ಒಂದು ಗೇಣು ದೂರ, ಮೇಜಿನ ಮೇಲೆ ಏರಿದೆ. ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಸಿದ್ದೇನೆ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ, ಬಟ್ಟೆ ಸಾಕು. ಆಟ ಇರಲಿ, ಇಲ್ಲದಿರಲಿ, ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಒಳಗಿನ ಶಾಖವೇ ಯಂತ್ರವನ್ನು ಒಣಗಿಸುತ್ತದೆ. ಗುಡುಗು ಕೇಳಿದರೆ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲ್ಲನ್ನೂ ಕೀಳಬೇಕೆಂದು ಹೇಳಿದ್ದೇನೆ. ಫೈಬರಿನಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಮೂಲಕ ಬಂದು ತಾಮ್ರದ ಕೇಬಲ್ಲಿನಲ್ಲಿ ಬೋರ್ಡನ್ನು ತಲುಪಬಲ್ಲದು.

ಭದ್ರತಾ ವಿಸ್ತರಣೆ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ, ಬೋರ್ಡ್ ಮತ್ತು ಪ್ರೊಸೆಸರಿನ ಪ್ರಶ್ನೆಯನ್ನು ಅಲ್ಲಿಗೆ ಮುಂದೂಡಿದ್ದೇವೆ. ಅದಕ್ಕೂ ಮೊದಲು ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟರೆ ಹಳೆಯ 1660 ಸೂಪರ್ ಹುಡುಕುವುದು, ಬೋರ್ಡ್ ಕೈಕೊಟ್ಟರೆ ಇನ್ನೊಂದು ಎಚ್81 ಹುಡುಕದೆ ಎಎಂ5ಕ್ಕೆ ಹೋಗುವುದು ಎಂದು ಭಾವನೂ ಒಪ್ಪಿದ್ದಾರೆ.